ಮಳೆ ಬಂದ ರಾತ್ರಿಯೇ ಸೈರನ್ ಕೂಗುವುದೇಕೆ?

ಪ್ರಶ್ನೆ: ನಾನು ಕಾರವಾರದಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ನಮ್ಮ ಹಳೇ ಮನೆ ಅಂಕೋಲಾ ಹತ್ತಿರದ ಹಳ್ಳಿಯಲ್ಲಿದೆ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು. ಅಲ್ಲಿ ಆಯಿ ಒಬ್ಬಳೇ ಇರುತ್ತಾಳೆ. ಜುಲೈ, ಆಗಸ್ಟ್ ಎರಡು ತಿಂಗಳು ಅವಳನ್ನು ನಮ್ಮ ಹತ್ತಿರ ಕರೆದುಕೊಂಡು ಬರುತ್ತೇವೆ. ಆಗ ಮನೆಗೆ ಬೀಗ. ಎರಡು ವರ್ಷದ ಹಿಂದೆ ನಾಲ್ಕು ಝೋನಿನ (ಅಂದರೆ ನಾಲ್ಕು ಬೇರೆ ಬೇರೆ ಸೆನ್ಸರ್ ಲೈನಿನ) ಕಳ್ಳರ ಅಲಾರಂ ಕಿಟ್ ತರಿಸಿ ನಾನೇ ಕೂರಿಸಿದೆ. ಮುಂಬಾಗಿಲು ಮತ್ತು ಹಿತ್ತಲ ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್, ಅಟ್ಟದಲ್ಲೊಂದು ಮತ್ತು ಜಗುಲಿಯಲ್ಲೊಂದು ಪಿಐಆರ್, ಅಂದರೆ ಮೈಶಾಖದಿಂದ ಓಡಾಟ ಗುರುತಿಸುವ ಸೆನ್ಸರ್. ಸೈರನ್ ಪಕ್ಕದ ಮನೆಯವರಿಗೆ ಕೇಳಲಿ ಎಂದು ಕೊಟ್ಟಿಗೆ ಗೋಡೆಗೆ ಹಾಕಿದ್ದೇನೆ, ಸುಮಾರು 30 ಮೀಟರ್ ದೂರ. ಅಗ್ಗಕ್ಕೆ ಸಿಕ್ಕ ಲ್ಯಾನ್ ಕೇಬಲನ್ನೇ ಎಲ್ಲ ಕಡೆ ಎಳೆದೆ. ಪ್ಯಾಕೆಟಿನಲ್ಲಿ ಬಂದ ಸಣ್ಣ ರೆಸಿಸ್ಟರ್‌ಗಳನ್ನು ಪ್ಯಾನೆಲ್ (ಎಲ್ಲ ವೈರ್ ಬಂದು ಸೇರುವ ಮುಖ್ಯ ಪೆಟ್ಟಿಗೆ) ಒಳಗೇ ಹಾಕಿದೆ. ಈ ಜೂನ್ ತಿಂಗಳಲ್ಲಿ ಐದು ರಾತ್ರಿ ಸೈರನ್ ಕೂಗಿತು. ಐದೂ ರಾತ್ರಿ ಜೋರು ಮಳೆ. ಕಳ್ಳರ ಸುಳಿವೇ ಇಲ್ಲ. ಸೈರನ್ ದನಿಯೂ ಸಣ್ಣ. ಆಯಿ ಈಗ ಅದನ್ನು ಆಫ್ ಮಾಡಿಯೇ ಮಲಗುತ್ತಾಳೆ. ಅದರಿಂದ ಏನೋ ಕಿರಣ ಬರುತ್ತದೆ ಎಂಬ ಹೆದರಿಕೆಯೂ ಅವಳಿಗಿದೆ. ಬೀಗ ಹಾಕಿ ಬರುವಾಗ ಸಿಡಿಲಿಗೆ ಹೆದರಿ ಮೇನ್ ಸ್ವಿಚ್ ತೆಗೆದೇ ಬರುತ್ತೇವೆ. ವೈರ್ ಇರುವುದನ್ನು ಬಿಟ್ಟು ವೈರ್‌ಲೆಸ್ ಹಾಕಿಸಲೇ? ಜಾಮರ್ ಇಟ್ಟು ಅದನ್ನು ಕೆಡಿಸುತ್ತಾರೆ ಎನ್ನುತ್ತಾರಲ್ಲ?

ಉತ್ತರ:

ಅಕ್ಕೋರೇ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಮೊದಲು ಧನ್ಯವಾದ. ನಿಮ್ಮ ಪ್ರಶ್ನೆಯಲ್ಲೇ ಮುಕ್ಕಾಲು ಉತ್ತರ ಇದೆ. ನಿಮಗೆ ಎರಡು ಚಿಂತೆ. ಸುಳ್ಳು ಕೂಗು ನಿಲ್ಲಬೇಕು, ಬೀಗ ಹಾಕಿದ ಎರಡು ತಿಂಗಳು ಮನೆಗೆ ಕಾವಲು ಇರಬೇಕು. ನನಗೆ ಹೆಚ್ಚು ಚಿಂತೆಯಾದದ್ದು ಮಾತ್ರ ಆಯಿ ಆಫ್ ಮಾಡಿ ಮಲಗುತ್ತಾರೆ ಎಂಬ ಸಾಲು ಓದಿ. ಇಪ್ಪತ್ತು ವರ್ಷದಿಂದ ಕಾರವಾರದಿಂದ ಹೊನ್ನಾವರದವರೆಗೆ, ಮೇಲೆ ಶಿರಸಿ ಕಡೆಗೂ ಈ ಕೆಲಸ ಮಾಡಿಕೊಂಡು ಬಂದಿದ್ದೇನೆ. ಕಳ್ಳರು ಕೆಡಿಸಿದ ಅಲಾರಂ ನೋಡಿದ್ದು ಬಹಳ ಕಡಿಮೆ. ಮನೆಯವರೇ ಬೇಸತ್ತು ಆಫ್ ಮಾಡಿ ಇಟ್ಟದ್ದನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಮೂರು ಸಲ ಸುಮ್ನೆ ಕೂಗಿದ ಸೈರನ್ನಿಗೆ ನಾಲ್ಕನೇ ಸಲ ಪಕ್ಕದ ಮನೆಯವರು ಕಿಟಕಿಯನ್ನೂ ತೆರೆಯುವುದಿಲ್ಲ. ಹಾಗಾಗಿ ಹೊಸದು ಕೊಳ್ಳುವ ಮುಂಚೆ, ಇರುವುದು ಯಾಕೆ ಕೂಗುತ್ತಿದೆ ಎಂದು ಹುಡುಕೋಣ.

ಮೊದಲ ಅನುಮಾನ ಬ್ಯಾಟರಿಯ ಮೇಲೆ. ಮೇನ್ ಸ್ವಿಚ್ ತೆಗೆದು ಬರುತ್ತೇವೆ ಎಂದಿರಿ. ನಿಮ್ಮ ಪ್ಯಾನೆಲಿನಲ್ಲಿ ಇರುವುದು ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ (ಆಂಪಿಯರ್ ಗಂಟೆ) ಬ್ಯಾಟರಿ. ಪ್ಯಾನೆಲ್, ಕೀಪ್ಯಾಡ್, ಎರಡು ಪಿಐಆರ್ ಎಲ್ಲ ಸೇರಿ ಸುಮಾರು 200 ಮಿಲಿ ಆಂಪಿಯರ್ ಎಳೆಯುತ್ತವೆ ಎಂದುಕೊಳ್ಳಿ. 7 ಅನ್ನು 0.2ರಿಂದ ಭಾಗಿಸಿದರೆ 35 ಗಂಟೆ. ಕಾಗದದ ಮೇಲೆ ಅಷ್ಟು, ನಿಜದಲ್ಲಿ ಒಂದು ದಿನ ಬಂದರೆ ಹೆಚ್ಚು. ಅಂದರೆ ನೀವು ಬೀಗ ಹಾಕಿ ಕಾರವಾರಕ್ಕೆ ಬಂದ ಮಾರನೇ ದಿನವೇ ಅಲಾರಂ ಸತ್ತಿರುತ್ತದೆ. ಉಳಿದ ಸುಮಾರು ಅರವತ್ತು ದಿನ ಮನೆಗೆ ಕಾವಲೇ ಇಲ್ಲ. ಇನ್ನೂ ಒಂದು ತೊಂದರೆ ಇದೆ. ಪೂರ್ತಿ ಖಾಲಿಯಾಗಿ ವಾರಗಟ್ಟಲೆ ಬಿದ್ದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಅದು ಚಾರ್ಜ್ ಹಿಡಿಯುವುದಿಲ್ಲ. ನಿಮ್ಮದು ಎರಡು ಮಳೆಗಾಲ ಹೀಗೆ ಕಳೆದಿದೆ.

ಇದಕ್ಕೂ ಮಳೆ ರಾತ್ರಿ ಕೂಗುವುದಕ್ಕೂ ಏನು ಸಂಬಂಧ? ಪಿಐಆರ್ ಒಳಗೊಂದು ಪುಟ್ಟ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ ಇರುತ್ತದೆ. ವೋಲ್ಟೇಜ್ ಸರಿಯಾಗಿದ್ದಾಗ ಅದು ಮುಚ್ಚಿಕೊಂಡಿರುತ್ತದೆ. ವೋಲ್ಟೇಜ್ ಬಿದ್ದರೆ ತೆರೆದುಕೊಳ್ಳುತ್ತದೆ. ರಿಲೇ ತೆರೆದರೆ ಪ್ಯಾನೆಲಿಗೆ ಯಾರೋ ಬಂದರು ಎಂದೇ ಅರ್ಥ. ಜೋರು ಮಳೆಯಲ್ಲಿ ನಮ್ಮ ಕಡೆ ಕರೆಂಟ್ ಹೋಗುತ್ತದೆ, ಅಲ್ವಾ? ಗಟ್ಟಿ ಬ್ಯಾಟರಿ ಇದ್ದರೆ ಏನೂ ಆಗುವುದಿಲ್ಲ. ಸತ್ತ ಬ್ಯಾಟರಿ ಇದ್ದರೆ ವೋಲ್ಟೇಜ್ ಕುಸಿಯುತ್ತದೆ, ರಿಲೇ ಬಿಡುತ್ತದೆ, ಬ್ಯಾಟರಿಯಲ್ಲಿ ಉಳಿದ ಕೊನೆಯ ಕಸುವಿನಲ್ಲಿ ಸೈರನ್ ಕೂಗುತ್ತದೆ. ಪರೀಕ್ಷೆ ಸುಲಭ. ಮಳೆ ಇಲ್ಲದ ಹಗಲು ಹೊತ್ತಿನಲ್ಲಿ, ಅಕ್ಕಪಕ್ಕದವರಿಗೆ ಮೊದಲೇ ಹೇಳಿ, ಅಲಾರಂ ಆನ್ ಮಾಡಿ. ಆಮೇಲೆ ಅದಕ್ಕೆ ಹೋಗುವ ಕರೆಂಟ್ ತೆಗೆಯಿರಿ. ಕೆಲವೇ ನಿಮಿಷದಲ್ಲಿ ಕೂಗಿದರೆ ತಪ್ಪು ಮಳೆಯದಲ್ಲ, ಬ್ಯಾಟರಿಯದು. ಕೂಗದಿದ್ದರೆ ಒಂದು ಗಂಟೆ ಬಿಟ್ಟು, ಸೈರನ್ ಕೂಗಿಸುತ್ತಲೇ ಮೀಟರ್ ಹಿಡಿದು ನೋಡಿ. ಸರಸರನೆ 11 ವೋಲ್ಟಿಗಿಂತ ಕೆಳಗೆ ಇಳಿದರೆ ಬದಲಿಸುವುದೇ ದಾರಿ. ಚಾರ್ಜಿಂಗಿನಲ್ಲಿ ಇರುವಾಗ 13.5ರಿಂದ 13.8 ವೋಲ್ಟ್ ತೋರಿಸಬೇಕು. ಬ್ಯಾಟರಿ ಹೊಟ್ಟೆ ಉಬ್ಬಿದ್ದರೆ ಪರೀಕ್ಷೆಯೂ ಬೇಡ, ತೆಗೆದುಬಿಡಿ.

ಹೊಸ ಬ್ಯಾಟರಿ ಹಾಕಿದರೂ ಮೇನ್ ಸ್ವಿಚ್ ಅಭ್ಯಾಸ ಬದಲಾಗದಿದ್ದರೆ ಮತ್ತೆ ಅದೇ ಕಥೆ. ಸಿಡಿಲಿನ ಹೆದರಿಕೆ ಸುಳ್ಳಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿನಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಎಷ್ಟೋ ಪ್ಯಾನೆಲ್ ಸುಟ್ಟದ್ದನ್ನು ನೋಡಿದ್ದೇನೆ. ಆದರೆ ಮನೆಗೆಲ್ಲ ಒಂದೇ ಸ್ವಿಚ್ ತೆಗೆಯಬೇಕಿಲ್ಲ. ಲೈಸೆನ್ಸ್ ಇರುವ ವೈರ್‌ಮನ್ ಒಬ್ಬರನ್ನು ಕರೆಸಿ, ಅಲಾರಮಿಗೆ ಮಾತ್ರ ಬೇರೆ ಎಂಸಿಬಿ ಹಾಕಿಸಿ. ಅದೇ ಹೊತ್ತಿಗೆ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ (ಲೈನಿನಲ್ಲಿ ದಿಢೀರ್ ಏರುವ ವೋಲ್ಟೇಜನ್ನು ತಡೆಯುವ ಸಾಧನ) ಕೂರಿಸಿ, ಅರ್ಥಿಂಗ್ ಅಳೆಸಿ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಹೋಗುತ್ತದೆ, ಅರ್ಥಿಂಗ್ ಕೈಕೊಡುತ್ತದೆ. ಅರ್ಥಿಂಗ್ ಸರಿಯಿಲ್ಲದೆ ಸರ್ಜ್ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಾಗೆ. ಸಿಡಿಲು ನೇರ ಮನೆಗೇ ಬಿದ್ದರೆ ಇದ್ಯಾವುದೂ ತಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಿಲ್ಲಿನ ಚಿಂತೆ ಬೇಡ. ಪ್ಯಾನೆಲ್ 5 ವ್ಯಾಟ್ ಎಳೆದರೂ ತಿಂಗಳಿಗೆ ನಾಲ್ಕು ಯೂನಿಟ್ ಒಳಗೇ.

ಸಿಡಿಲಿನ ವಿಷಯದಲ್ಲಿ ನಿಮ್ಮ ಮನೆಯ ದೊಡ್ಡ ಅಪಾಯ ಕೊಟ್ಟಿಗೆಗೆ ಎಳೆದ ಆ 30 ಮೀಟರ್ ತಂತಿ. ಅಂಗಳದ ಮೇಲೆ ಗಾಳಿಯಲ್ಲಿ ತೂಗುವ ತಂತಿ ಹತ್ತಿರದಲ್ಲಿ ಸಿಡಿಲು ಬಿದ್ದರೂ ಸಾಕು, ಅದರ ಹೊಡೆತವನ್ನು ನೇರ ಪ್ಯಾನೆಲಿಗೆ ತಂದು ಹಾಕುತ್ತದೆ. ಸೈರನ್ ದನಿ ಸಣ್ಣ ಆಗಿದ್ದೂ ಅದೇ ತಂತಿಯಿಂದ. ನೀವು ವಿಜ್ಞಾನದವರು, ಲೆಕ್ಕ ನೋಡಿ. ಲ್ಯಾನ್ ಕೇಬಲಿನ ಒಂದು ಎಳೆ ಸುಮಾರು 0.2 ಚದರ ಮಿಲಿಮೀಟರ್. ಹೋಗಿ ಬರಲು 60 ಮೀಟರ್. ಶುದ್ಧ ತಾಮ್ರವೇ ಆಗಿದ್ದರೂ 5 ಓಮ್ ರೆಸಿಸ್ಟೆನ್ಸ್. ಸೈರನ್ 1 ಆಂಪಿಯರ್ ಎಳೆದರೆ ದಾರಿಯಲ್ಲೇ 5 ವೋಲ್ಟ್ ಹೋಯಿತು. 12 ಬೇಕಾದಲ್ಲಿ 7 ಸಿಕ್ಕರೆ ಅದು ಹೇಗೆ ಕೂಗೀತು? ಅಗ್ಗದ ಲ್ಯಾನ್ ಕೇಬಲ್ ಬಹಳ ಸಲ ತಾಮ್ರವೇ ಅಲ್ಲ, ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅದರಲ್ಲಿ ನಷ್ಟ ಇನ್ನೂ ಜಾಸ್ತಿ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ.

ಸೈರನ್ನನ್ನು ಕೊಟ್ಟಿಗೆಯಿಂದ ತೆಗೆದು ಮನೆಯ ಗೋಡೆಗೇ, ಸೂರಿನ ಕೆಳಗೆ, ಕೈಗೆ ಎಟುಕದ ಎತ್ತರಕ್ಕೆ ತನ್ನಿ. 1 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕಿ. ಪೂರ್ತಿ ವೋಲ್ಟೇಜ್ ಸಿಕ್ಕ ಸೈರನ್ ಅಲ್ಲಿಂದಲೇ ಪಕ್ಕದ ಮನೆಗೆ ಕೇಳುತ್ತದೆ. ಒಳಗೂ ಒಂದು ಸಣ್ಣ ಸೈರನ್ ಇರಲಿ. ಒಳಗೆ ನುಗ್ಗಿದವನ ಕಿವಿ ಮುಚ್ಚುವ ಹಾಗೆ ಕೂಗುವುದು ಅದೇ. ಮೂರರಿಂದ ಐದು ನಿಮಿಷಕ್ಕೆ ತಾನೇ ನಿಲ್ಲುವ ಹಾಗೆ ಸೆಟ್ ಮಾಡಿ.

ಎರಡನೇ ಅನುಮಾನ ಅಟ್ಟದ ಪಿಐಆರ್ ಮೇಲೆ. ಅಟ್ಟದಲ್ಲಿ ಹಾಕಿದ ನಿಮ್ಮ ಯೋಚನೆ ಸರಿಯೇ. ಹಂಚಿನ ಮನೆಗೆ ಕಳ್ಳ ಬಾಗಿಲು ಒಡೆದೇ ಬರಬೇಕೆಂದಿಲ್ಲ. ನಾಲ್ಕು ಹಂಚು ಸರಿಸಿ, ಒಂದು ರೀಪು ಮುರಿದರೆ ಇಳಿಯಬಹುದು. ಪೇಟೆಯ ಆರ್‌ಸಿಸಿ ಮನೆಗೆಂದು ಬರೆದ ಸಲಹೆಗಳಲ್ಲಿ ಈ ಮಾತೇ ಇರುವುದಿಲ್ಲ. ಆದರೆ ಪಿಐಆರ್ ಕೆಲಸ ಮಾಡುವ ಬಗೆ ಬೇರೆ. ಅದು ಮನುಷ್ಯರನ್ನು ನೋಡುವುದಿಲ್ಲ, ಎದುರಿನ ಶಾಖದಲ್ಲಿ ಆಗುವ ಬದಲಾವಣೆ ನೋಡುತ್ತದೆ. ಕಾದ ಹಂಚಿನ ಮೇಲೆ ಮಳೆ ಸುರಿದಾಗ ಅಟ್ಟದ ಶಾಖ ಸರ್ರನೆ ಇಳಿಯುತ್ತದೆ. ಸಂದಿಯಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಇಲಿ, ಬಾವಲಿ ಓಡಾಡುತ್ತವೆ. ಲೆನ್ಸಿನ ಮೇಲೆ ಹಲ್ಲಿ ಹರಿದರೆ ಸೆನ್ಸರಿಗೆ ಅದೇ ಆನೆ. ಮೇ ತಿಂಗಳ ಮಧ್ಯಾಹ್ನ ಇದಕ್ಕೆ ತದ್ವಿರುದ್ಧ. ಹಂಚಿನ ಕೆಳಗಿನ ಶಾಖ ಮೈಶಾಖದ ಹತ್ತಿರ ಬಂದಾಗ ನಿಜವಾದ ಮನುಷ್ಯನೇ ಬಂದರೂ ಸೆನ್ಸರಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಜಗುಲಿಯದ್ದೂ ಹೀಗೆಯೇ. ಒಳಮನೆಗೆಂದು ಮಾಡಿದ ಪಿಐಆರ್ ತೆರೆದ ಜಗುಲಿಯಲ್ಲಿ ಬೆಕ್ಕಿಗೂ ಕೂಗುತ್ತದೆ, ಗಾಳಿಗೂ ಕೂಗುತ್ತದೆ.

ಎರಡನ್ನೂ ಅಲ್ಲಿಂದ ತೆಗೆಯಿರಿ. ಹಂಚು ಸರಿಸುವವನನ್ನು ಮಾಡಿನಲ್ಲೇ ಹಿಡಿಯಬೇಕಾಗಿಲ್ಲ. ಎಲ್ಲಿಂದ ಇಳಿದರೂ ಅವನು ದಾಟಲೇಬೇಕಾದ ಜಾಗ ಯಾವುದು ಎಂದು ನೋಡಿ. ನಮ್ಮ ಕಡೆಯ ಮನೆಗಳಲ್ಲಿ ಅದು ಹೆಚ್ಚಾಗಿ ನಡುಮನೆ. ಅಲ್ಲಿ ಒಂದೇ ಪಿಐಆರ್ ಸಾಕು. ಮೂಲೆಯಲ್ಲಿ, ನೆಲದಿಂದ 2.1ರಿಂದ 2.4 ಮೀಟರ್ ಎತ್ತರದಲ್ಲಿ ಹಾಕಿ. ನಡೆಯುವವರು ಅದರ ಎದುರಿಗೆ ಅಡ್ಡ ಹಾಯಬೇಕು, ನೇರ ಅದರ ಕಡೆಗೆ ಬರುವ ಹಾಗೆ ಇರಬಾರದು. ಅಡ್ಡ ಚಲನೆ ಅದಕ್ಕೆ ಬೇಗ ಸಿಗುತ್ತದೆ. ಕಿಟಕಿ, ಫ್ರಿಜ್, ದೇವರ ದೀಪ ಎದುರಿಗೆ ಬೇಡ. ಗೋಡೆಯಿಂದ ವೈರ್ ಒಳಬರುವ ತೂತನ್ನು ಸಿಲಿಕೋನ್ ಹಾಕಿ ಮುಚ್ಚಿ. ಈ ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಕುಮಟಾ ಕಡೆಯ ಒಂದು ಮನೆಗೆ ಒಂದೇ ತಿಂಗಳಲ್ಲಿ ನಾಲ್ಕು ಸಲ ಹೋದೆ. ಪ್ಯಾನೆಲ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಕೊನೆಗೆ ಪಿಐಆರ್ ಬಿಚ್ಚಿದರೆ ಒಳಗೆ ಇರುವೆ ಗೂಡು. ನಾನು ಮುಚ್ಚದೆ ಬಿಟ್ಟ ತೂತಿನಿಂದ ಬಂದವು. ಆ ಮನೆಯ ಅಜ್ಜಿ ನಾಲ್ಕು ವಾರ ನಿದ್ದೆಗೆಟ್ಟಿದ್ದರು. ನನಗೆ ಈಗಲೂ ಅದು ಮರೆತಿಲ್ಲ.

ಆಯಿ ಮನೆಯಲ್ಲಿ ಇರುವ ರಾತ್ರಿ ನಡುಮನೆಯ ಪಿಐಆರ್ ಆನ್ ಇದ್ದರೆ ಅವರು ಬಚ್ಚಲಿಗೆ ಎದ್ದಾಗಲೂ ಕೂಗುತ್ತದೆ. ಅದಕ್ಕೇ ಪ್ಯಾನೆಲಿನಲ್ಲಿ ಸ್ಟೇ ಮೋಡ್ ಎಂದು ಇರುತ್ತದೆ. ಅದರಲ್ಲಿ ಒಳಗಿನ ಪಿಐಆರ್ ಬಿಟ್ಟು ಬಾಗಿಲುಗಳು ಮಾತ್ರ ಕಾವಲಿನಲ್ಲಿ ಇರುತ್ತವೆ. ಅಟ್ಟದಿಂದ ಇಳಿಯುವ ಬಾಗಿಲಿಗೆ ಒಂದು ಮ್ಯಾಗ್ನೆಟ್ ಹಾಕಿ. ಅಡುಗೆಮನೆಗೆ ಅಟ್ಟ ಇಲ್ಲದೆ ಬರಿ ಹಂಚಿದ್ದರೆ, ಅಲ್ಲಿಂದ ನಡುಮನೆಗೆ ಬರುವ ಬಾಗಿಲಿಗೂ ಒಂದು. ರಾತ್ರಿ ಆ ಬಾಗಿಲು ಮುಚ್ಚಿಕೊಂಡಿರಲಿ. ಇವೆರಡನ್ನೂ ಸೀರೀಸ್‌ನಲ್ಲಿ ಒಂದೇ ಝೋನಿಗೆ ಕೊಡಬಹುದು. ಮುಂಬಾಗಿಲು, ಹಿತ್ತಲ ಬಾಗಿಲು ಸೇರಿಸಿ ಇನ್ನೊಂದು ಝೋನ್. ಪಿಐಆರ್ ಮೂರನೆಯದು. ನಾಲ್ಕನೆಯದನ್ನು ಆಯಿಯ ಹಾಸಿಗೆ ಪಕ್ಕದ ಒಂದು ಪ್ಯಾನಿಕ್ ಬಟನ್ನಿಗೆ ಇಡಿ. ಹಗಲು ರಾತ್ರಿ ಯಾವಾಗ ಒತ್ತಿದರೂ ಕೂಗಬೇಕು. ಬಿದ್ದು ಕಾಲು ಉಳುಕಿದರೂ ಅದು ಉಪಯೋಗಕ್ಕೆ ಬರುತ್ತದೆ. ಒಬ್ಬರೇ ಇರುವ ಹಿರಿಯರ ಮನೆಯಲ್ಲಿ ನಾನು ಮೊದಲು ಕೂರಿಸುವುದೇ ಇದನ್ನು.

ಕಿರಣದ ವಿಷಯ ಆಯಿಗೆ ಹೀಗೆ ಹೇಳಿ. ಪಿಐಆರ್ ಏನನ್ನೂ ಹೊರಗೆ ಬಿಡುವುದಿಲ್ಲ. ನಮ್ಮ ಮೈಯಿಂದ ಬರುವ ಶಾಖವನ್ನು ಸುಮ್ಮನೆ ನೋಡುತ್ತದೆ, ಅಷ್ಟೇ. ಅದರಲ್ಲಿ ಕ್ಯಾಮೆರಾ ಕೂಡ ಇಲ್ಲ.

ಮೂರನೇ ಅನುಮಾನ ಜೋಡಣೆಗಳ ಮೇಲೆ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಕರಾವಳಿಯಲ್ಲಿ ಅಲಾರಂ ಹಾಳಾಗುವುದು ಹೆಚ್ಚಾಗಿ ಇಲ್ಲೇ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಮೇಲಿಂದ ಉಪ್ಪು ಗಾಳಿ. ಎರಡು ಎಳೆ ಹೊಸೆದು ಕಪ್ಪು ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲ ತಾಳುತ್ತದೆ. ಎರಡನೆಯದಕ್ಕೆ ಟೇಪಿನ ಅಂಟು ಬಿಟ್ಟು ಒಳಗೆ ಹಸಿರು ಕಿಲುಬು ಕೂತಿರುತ್ತದೆ. ಕಿಲುಬು ಹಿಡಿದರೆ ರೆಸಿಸ್ಟೆನ್ಸ್ ಏರುತ್ತದೆ. ಒಂದು ಮಿತಿ ದಾಟಿದರೆ ಪ್ಯಾನೆಲಿಗೆ ಬಾಗಿಲು ತೆರೆದ ಹಾಗೆ. ಸಾಧ್ಯವಾದಷ್ಟು ಜೋಡಣೆಯೇ ಇಲ್ಲದ ಒಂದೇ ತುಂಡು ಕೇಬಲ್ ಎಳೆಯಿರಿ. ಬೇಕೇ ಬೇಕಾದಲ್ಲಿ ಬೆಸುಗೆ ಹಾಕಿ, ಅಂಟಿರುವ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ. ಇಲ್ಲವೇ ಟೆಲಿಫೋನ್ ಲೈನಿನವರು ಬಳಸುವ ಜೆಲ್ ತುಂಬಿದ ಕನೆಕ್ಟರ್ ಒತ್ತಿ. ತವರದ ಲೇಪ ಇರುವ ತಾಮ್ರದ ಅಲಾರಂ ಕೇಬಲ್ ಸಿಕ್ಕರೆ ಎರಡು ಕಾಸು ಜಾಸ್ತಿ ಕೊಟ್ಟಾದರೂ ಅದನ್ನೇ ತನ್ನಿ. 230 ವೋಲ್ಟಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಹಾಕಲೇಬೇಡಿ. ಪಕ್ಕದಲ್ಲಿ ಹೋಗುವುದಾದರೆ ಒಂದು ಅಡಿ ಅಂತರ ಇರಲಿ, ದಾಟುವುದಾದರೆ ನೇರ ಅಡ್ಡ ದಾಟಲಿ. ಪಕಾಸಿನ ಮೇಲೆ ಹೋಗುವ ಕಡೆ ಪಿವಿಸಿ ಪೈಪ್ ಬೇಕು, ಹೆಗ್ಗಣ ಬಿಡುವುದಿಲ್ಲ.

ಈಗ ಆ ರೆಸಿಸ್ಟರ್. ಕಿಟ್ ಕೂರಿಸುವ ಹತ್ತರಲ್ಲಿ ಎಂಟು ಜನ ಅದನ್ನು ಪ್ಯಾನೆಲ್ ಒಳಗೇ ಹಾಕಿಬಿಡುತ್ತಾರೆ, ಸುಲಭ ಅಲ್ವಾ. ಆದರೆ ಅದರ ಕೆಲಸವೇ ಲೈನಿನ ಕೊನೆಯಲ್ಲಿ ಕೂತು ಇಡೀ ತಂತಿಯನ್ನು ಕಾಯುವುದು. ಸೆನ್ಸರಿನ ಹತ್ತಿರ ಇದ್ದರೆ, ಬಾಗಿಲು ಮುಚ್ಚಿದಾಗ ಪ್ಯಾನೆಲಿಗೆ ರೆಸಿಸ್ಟರಿನ ಬೆಲೆ ಕಾಣುತ್ತದೆ. ಕಂಪನಿಗೆ ತಕ್ಕ ಹಾಗೆ ಅದು 2.2 ಕಿಲೋ ಓಮ್ ಇರಬಹುದು, 4.7 ಅಥವಾ 5.6 ಇರಬಹುದು. ತಂತಿ ತುಂಡಾದರೆ ಓಮ್ ಮೇಲೇರುತ್ತದೆ, ಎಳೆ ಒಂದಕ್ಕೊಂದು ತಾಗಿದರೆ ಸೊನ್ನೆಗೆ ಇಳಿಯುತ್ತದೆ. ಎರಡೂ ಪ್ಯಾನೆಲಿಗೆ ಗೊತ್ತಾಗುತ್ತದೆ. ನಿಮ್ಮದರಲ್ಲಿ ಈಗ ಹೆಗ್ಗಣ ತಂತಿ ಕಚ್ಚಿ ಎರಡೂ ಎಳೆ ಅಂಟಿಕೊಂಡರೆ, ಬಾಗಿಲು ತೆರೆದರೂ ಎಲ್ಲ ಸರಿಯಿದೆ ಎಂದೇ ಅದು ಹೇಳುತ್ತದೆ. ಇದು ಸುಳ್ಳು ಕೂಗಿಗಿಂತ ಕೆಟ್ಟದ್ದು. ಎರಡು ಸೆನ್ಸರ್ ಸೀರೀಸ್‌ನಲ್ಲಿ ಇದ್ದರೆ ರೆಸಿಸ್ಟರ್ ಒಂದೇ, ಕೊನೆಯ ಸೆನ್ಸರಿನಲ್ಲಿ. ಪ್ಯಾನಿಕ್ ಬಟನ್ನಿಗೆ ಮಾತ್ರ ಕಿಟ್ಟಿನ ಚಿತ್ರ ನೋಡಿಯೇ ಕೊಡಿ. ಒತ್ತಿದಾಗ ಮುಚ್ಚುವ ಬಗೆಯ ಬಟನ್ ಆದರೆ ರೆಸಿಸ್ಟರ್ ಅದಕ್ಕೆ ಪ್ಯಾರಲೆಲ್ ಆಗಿ ಬರುತ್ತದೆ.

ರೆಸಿಸ್ಟರ್ ಜಾಗ ಬದಲಿಸಿದ ಮೇಲೆ, ಬಾಗಿಲಿನ ಝೋನಿನ ಎರಡೂ ಎಳೆ ಪ್ಯಾನೆಲಿನಿಂದ ಬಿಚ್ಚಿ ಓಮ್ ಅಳೆಯಿರಿ. ಒಣ ದಿನ ಒಂದು ಸಲ, ಜೋರು ಮಳೆಯ ದಿನ ಇನ್ನೊಂದು ಸಲ. ಎರಡೂ ಸಲ ರೆಸಿಸ್ಟರಿನ ಬೆಲೆ ಮತ್ತು ಮೇಲೆ ನಾಲ್ಕಾರು ಓಮ್ ಬಂದರೆ ಲೈನ್ ಚೆನ್ನಾಗಿದೆ. ಮಳೆಯಲ್ಲಿ ಇಳಿದರೆ ಎಲ್ಲೋ ನೀರು ಕೂತಿದೆ. ತಂತಿ ಅಲ್ಲಾಡಿಸಿದಾಗ ಏರಿ ಇಳಿದರೆ ಕಿಲುಬು ಅಥವಾ ಸಡಿಲ.

ಹಿತ್ತಲ ಬಾಗಿಲನ್ನೂ ಒಮ್ಮೆ ನೋಡಿ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಪೂರ್ತಿ ಕೂರುವುದಿಲ್ಲ. ಸಮುದ್ರದ ಗಾಳಿಗೆ ಅಗುಳಿಯ ಸಡಿಲದಷ್ಟು ಅಲ್ಲಾಡುತ್ತದೆ. ಸಣ್ಣ ಮ್ಯಾಗ್ನೆಟ್ ಸೆನ್ಸರಿಗೆ 15ರಿಂದ 20 ಮಿಲಿಮೀಟರ್ ಅಂತರವೇ ಕೊನೆ. ಕಬ್ಬಿಣದ ಗ್ರಿಲ್ಲಿನ ಮೇಲೆ ಅದೂ ಅರ್ಧಕ್ಕೆ ಇಳಿಯುತ್ತದೆ. ದೊಡ್ಡ ಅಂತರದ ಸೆನ್ಸರ್ ತಂದು, ಕೀಲಿನ ಕಡೆ ಅಲ್ಲ, ತೆರೆಯುವ ಕಡೆಯ ಮೇಲ್ತುದಿಗೆ ಹಾಕಿ. ಗ್ರಿಲ್ ಆದರೆ ನಡುವೆ ಮರದ ತುಂಡು ಕೊಡಿ.

ಇನ್ನು ವೈರ್‌ಲೆಸ್. ಜಾಮರಿನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಹಳ್ಳಿ ಮನೆಗೆ ಅದು ದೊಡ್ಡ ಚಿಂತೆಯೂ ಅಲ್ಲ. ಹಂಚು ಸರಿಸಲು ಬರುವವನ ಕೈಯಲ್ಲಿ ಜಾಮರ್ ಇರುವುದಿಲ್ಲ. ನಿಜವಾದ ತೊಂದರೆ ಬೇರೆ. ಪ್ರತಿ ಸೆನ್ಸರಿಗೂ ಒಂದು ಸೆಲ್. ಅಗ್ಗದ 433 ಮೆಗಾಹರ್ಟ್ಸ್ ಕಿಟ್ಟುಗಳಲ್ಲಿ ಸೆಲ್ ಸತ್ತರೂ ಪ್ಯಾನೆಲಿಗೆ ಗೊತ್ತೇ ಆಗುವುದಿಲ್ಲ. ಒಂದೂವರೆ ಅಡಿ ದಪ್ಪದ ಚಿರೆಕಲ್ಲಿನ ಗೋಡೆ, ಅದೂ ನೀರು ಕುಡಿದದ್ದು, ಸಿಗ್ನಲ್ಲನ್ನು ಚೆನ್ನಾಗಿಯೇ ನುಂಗುತ್ತದೆ. ತಾನು ಬದುಕಿದ್ದೇನೆ ಎಂದು ಆಗಾಗ ಪ್ಯಾನೆಲಿಗೆ ತಿಳಿಸುವ ಒಳ್ಳೆ ಸೆನ್ಸರ್‌ಗಳಿವೆ, ಬೆಲೆ ಜಾಸ್ತಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಮನೆಯೊಳಗೆ ವೈರೇ ಇಟ್ಟುಕೊಳ್ಳುತ್ತಿದ್ದೆ. ಕೊಟ್ಟಿಗೆಗೋ ಅಡಿಕೆ ಇಟ್ಟ ಕೋಣೆಗೋ ಸೆನ್ಸರ್ ಬೇಕಾದರೆ ಅಲ್ಲಿಗೆ ಮಾತ್ರ ವೈರ್‌ಲೆಸ್. ಸಿಡಿಲಿನ ದಾರಿಯೂ ತಪ್ಪುತ್ತದೆ.

ಫೋನಿಗೆ ಕರೆ ಮಾಡುವ ಡಯಲರ್ ಸೇರಿಸುವುದಾದರೆ ಸಿಮ್ ನೋಡಿ ಕೊಳ್ಳಿ. ಹಳೇ ಡಯಲರ್‌ಗಳು 2ಜಿ ಮಾತ್ರ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. 4ಜಿ ಇರುವುದನ್ನೇ ಕೇಳಿ, ಮತ್ತೆ ರೀಚಾರ್ಜ್ ತಪ್ಪಿಸಬೇಡಿ. ಮೊದಲ ಕರೆ ಪಕ್ಕದ ಮನೆಗೆ, ಎರಡನೆಯದು ನಿಮಗೆ. 112ಕ್ಕೆ ಯಂತ್ರದಿಂದ ಕರೆ ಹೋಗುವುದು ಬೇಡ, ಮನುಷ್ಯರು ನೋಡಿ ಖಚಿತವಾದ ಮೇಲೆ ಅವರೇ ಮಾಡಲಿ. ನೀವು ಕಾರವಾರದಿಂದ ಹೊರಟು ತಲುಪುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿರುತ್ತದೆ. ಪಕ್ಕದವರಿಗೆ ಒಳಗೆ ನುಗ್ಗಬೇಡಿ, ಲೈಟ್ ಹಾಕಿ ಕೂಗಿ ಜನ ಸೇರಿಸಿ ಎಂದು ಈಗಲೇ ಹೇಳಿಡಿ. ಬೀಗ ಹಾಕುವ ಮುಂಚೆ ಊರಿನ ಬೀಟ್ ಪೊಲೀಸರಿಗೂ ಒಂದು ಮಾತು ತಿಳಿಸಿ.

ನೀವೇ ಮಾಡಬಹುದೇ ಎಂದರೆ, ಖಂಡಿತ ಮಾಡಬಹುದು. 12 ವೋಲ್ಟಿನ ಕಡೆ ಶಾಕ್ ಹೊಡೆಯುವುದಿಲ್ಲ. ಆದರೆ ಬ್ಯಾಟರಿಯ ಎರಡು ತುದಿ ಸ್ಪ್ಯಾನರಿಗೋ ತಂತಿಗೋ ತಾಗಿದರೆ ತಂತಿ ಕೆಂಪಾಗಿ ಬೆಂಕಿ ಹತ್ತುವಷ್ಟು ಕರೆಂಟ್ ಹರಿಯುತ್ತದೆ. ಬ್ಯಾಟರಿ ಹತ್ತಿರವೇ 2 ಆಂಪಿಯರ್ ಫ್ಯೂಸ್ ಹಾಕಿ. 230 ವೋಲ್ಟಿನ ಕಡೆ ಮಾತ್ರ ಮುಟ್ಟಬೇಡಿ, ಅದು ವೈರ್‌ಮನ್ ಕೆಲಸ. ಕಿಟ್ಟಿನ ಜೊತೆ ಬಂದ 1234ರಂಥ ಕೋಡ್ ಇನ್ನೂ ಹಾಗೇ ಇದ್ದರೆ ಇವತ್ತೇ ಬದಲಿಸಿ. ಆಯಿಗೆ ಕೀಪ್ಯಾಡ್ ಒತ್ತುವುದು ಕಷ್ಟ ಆದರೆ ಎರಡೇ ಗುಂಡಿಯ ರಿಮೋಟ್ ಕೊಡಿಸಿ.

ಮೊದಲು ಬ್ಯಾಟರಿ ಪರೀಕ್ಷೆ ಮಾಡಿ. ಬ್ಯಾಟರಿ ಬದಲಿಸಿ, ಅಟ್ಟದ ಮತ್ತು ಜಗುಲಿಯ ಪಿಐಆರ್ ತೆಗೆದ ಮೇಲೆ ಒಂದು ವಾರ ಸೈರನ್ ಬಿಚ್ಚಿಟ್ಟು, ಪ್ಯಾನೆಲನ್ನು ಮಾತ್ರ ಆನ್ ಇಡಿ. ಯಾವ ಝೋನ್ ಎದ್ದಿತು ಎಂದು ಅದರ ನೆನಪಿನಲ್ಲಿ ಉಳಿದಿರುತ್ತದೆ. ಆ ವಾರ ಆಯಿಯೂ ನೆಮ್ಮದಿಯಾಗಿ ಮಲಗುತ್ತಾರೆ. ಅಷ್ಟರಲ್ಲಿ ಮಳೆ ಬಂದೂ ಯಾವ ಝೋನೂ ಏಳದಿದ್ದರೆ ಸೈರನ್ ಮತ್ತೆ ಕೊಡಿ. ಎದ್ದರೆ ಝೋನಿನ ನಂಬರ್ ಮತ್ತು ನೀವು ಅಳೆದ ಓಮ್ ಎರಡನ್ನೂ ಬರೆದು ಕಳಿಸಿ, ಅಲ್ಲಿಂದ ಮುಂದೆ ನೋಡೋಣ.